ನೆಂಟರಿಗಾಗಿ ಗುಡಿಸಿದ ಕೆರೆ

ಮೊನ್ನೆ ಹುಣಸೂರು ಬಸ್ ಸ್ಟ್ಯಾಂಡಿನ ಮುಂದೆ ಕೆರೆಗೋಡು ಮಣ್ಣು ತುಂಬಿದ ಟ್ರ್ಯಾಕ್ಟರೊಂದು ಕಪ್ಪು ನೀರು ಸುರಿಸುತ್ತಾ ಹೋಯಿತು. ಪಕ್ಕದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನನಗೆ ಹೊಟ್ಟೆ ಉರಿಯಿತು. ಬೇಸಿಗೆಯಲ್ಲಿ ಕೆರೆಯ ಹೂಳೆತ್ತಿ ಹೊಲಕ್ಕೆ ಹೊಡೆಯುವುದು ನಮ್ಮ ಕಡೆಯ ಹಳೆಯ ಪದ್ಧತಿ, ಒಳ್ಳೆಯದೇ. ಆದರೆ ಆ ವಾಸನೆ ಬಡಿದರೆ ನನಗೆ ನೆನಪಾಗುವುದು ದೊಡ್ಡಪ್ಪನ ಘನಂದಾರಿ ಅತಿಥಿಸತ್ಕಾರ.

ನಗಬೇಡಿ, ಕೆಸರು ನೋಡುವುದು ನನ್ನ ಕಸುಬು. ಹೂವಿನ ಪರಾಗ ಗಾಳಿಯಲ್ಲಿ ಬಂದು ನೀರಿಗೆ ಬೀಳುತ್ತದೆ, ತಳದಲ್ಲಿ ಪದರಪದರವಾಗಿ ಕೂರುತ್ತದೆ, ಸಾವಿರಾರು ವರ್ಷವಾದರೂ ಕೊಳೆಯುವುದಿಲ್ಲ. ಜೊತೆಗೆ ಕಾಡಿಗೆ ಬೆಂಕಿ ಬಿದ್ದ ಕಾಲದ ಇದ್ದಿಲ ಚೂರುಗಳು. ಕೊಳವೆ ಇಳಿಸಿ ಆ ಕೆಸರನ್ನು ಕದಡದಂತೆ ಎತ್ತಿದರೆ ಇಲ್ಲಿ ಯಾವಾಗ ತೇಗವಿತ್ತು, ಯಾವಾಗ ಬರೀ ಹುಲ್ಲಿತ್ತು, ಮಳೆ ಯಾವಾಗ ಕೈಕೊಟ್ಟಿತು ಎಂಬುದೆಲ್ಲ ತಿಳಿಯುತ್ತದೆ. "ನಮ್ ಕಾಲ್ದಲ್ಲಿ ಎಂಥಾ ಮಳೆ!" ಎಂದು ಜಗಲಿಯ ಮೇಲೆ ಕೊಚ್ಚಿಕೊಳ್ಳುವವರಿಗಿಂತ ಕೆಸರು ಎಷ್ಟೋ ವಾಸಿ. ಮಗಳು ಏನು ಓದುತ್ತಾಳೆ ಎಂದು ಯಾರಾದರೂ ಕೇಳಿದರೆ ಮಾತ್ರ ಅಮ್ಮ "ಮಣ್ಣು" ಎಂದು ಹೇಳಿ ಕಾಫಿ ತರಲು ಎದ್ದುಬಿಡುತ್ತಿದ್ದಳು.

ಪಿರಿಯಾಪಟ್ಟಣದ ಹತ್ತಿರ ದೊಡ್ಡಪ್ಪನ ಊರಿನ ಕೆರೆಯ ಹೂಳನ್ನು ಯಾರೂ ಮುಟ್ಟಿರಲಿಲ್ಲ. ಕೆರೆ ಕಟ್ಟುವ ಮೊದಲೂ ಅಲ್ಲಿ ಜೌಗಿತ್ತಂತೆ. ಬೇಸಿಗೆಯಲ್ಲಿ ನೀರು ಬತ್ತಿದ್ದಾಗ ಗಿಡ್ಡ ಕೊಳವೆಯೊಂದನ್ನು ಚುಚ್ಚಿ ನೋಡಿದೆ: ಕಾಡಿಗೆಯಂಥ ಕೆಸರು, ನಡುನಡುವೆ ಇದ್ದಿಲಿನ ಗೆರೆ. ಕುಣಿಯುವುದೊಂದು ಬಾಕಿ. ನನ್ನ ಪಿಎಚ್‌ಡಿ ಆ ಕೆರೆಯನ್ನೇ ನಂಬಿತ್ತು. ಪ್ರೊಫೆಸರನ್ನು ಕರೆದುಕೊಂಡು ಮುಂದಿನ ವಾರ ಬರುತ್ತೇನೆಂದು ಹೇಳಿ ಮೈಸೂರಿಗೆ ಹೊರಟೆ.

ದೊಡ್ಡಪ್ಪ ಊರಿನ ಯಜಮಾನರು. ಮೈಸೂರಿನ ದೊಡ್ಡವರು ಬಂದು ನಮ್ಮೂರ ಕೊಳಕು ನೋಡುವುದೇ? ಮಾನ ಉಳಿಯುತ್ತದೆಯೇ? ನಾವು ಹೋದಾಗ ಏರಿಯ ಮೇಲೆ ಮಾವಿನ ತೋರಣ, ಕೆರೆಯೊಳಗೆ ಜೆಸಿಬಿ ಹೆರೆದಿಟ್ಟ ಕೆಂಪು ಗಟ್ಟಿನೆಲ.

"ಎಂಗದೆ ಕಣವ್ವಾ? ಒಂದ್ ಚೂರು ಕೆಸ್ರು ಸಿಕ್ಕುದ್ರೆ ನನ್ ಕೇಳು!" ಎಂದರು ದೊಡ್ಡಪ್ಪ, ಹೊಸ ಪಂಚೆ ಸರಿಮಾಡಿಕೊಳ್ಳುತ್ತಾ.

"ಯಾಕ್ ದೊಡ್ಡಪ್ಪಾ ಹಿಂಗ್ ಮಾಡ್ಬುಟ್ರಿ? ನಮಗೆ ಬೇಕಾಗಿದ್ದೇ ಆ ಕೆಸರು!"

"ಅಯ್ ಬುಡು, ಎಲ್ಗ್ ಓಯ್ತದೆ? ಎಲ್ಲಾ ನಮ್ ಒಲಕ್ಕೇ ಒಡಿಸಿವ್ನಿ. ಎಷ್ಟ್ ಬೇಕೋ ಬಾಚ್ಕೋ."

ಸಾವಿರಾರು ವರ್ಷದ ಪದರಗಳನ್ನು ಕಲಸಿ ಎರಚಿದ ಮೇಲೆ ಬಾಚಿಕೊಳ್ಳುವುದೇನು, ಮಣ್ಣಂಗಟ್ಟಿ! ಏರಿಯ ಮೇಲೆ ಕುಳಿತು ಅತ್ತೆ. ಪ್ರೊಫೆಸರಾದರೂ ನಾಲ್ಕು ಮಾತು ಬೈದರೇ? ಶಾಲು ಹೊದಿಸಿಕೊಂಡರು, ಒಬ್ಬಟ್ಟು ತಿಂದರು, ಇಷ್ಟು ಸ್ವಚ್ಛವಾದ ಕೆರೆಯನ್ನು ತಾವು ಕಂಡೇ ಇಲ್ಲವೆಂದು ಭಾಷಣ ಬೇರೆ ಬಿಗಿದರು. ಜೀಪು ಹತ್ತಿದ ಮೇಲೆ "ಬೇರೆ ಕೆರೆ ನೋಡ್ಕೊಳಮ್ಮ" ಎಂದು ನಿದ್ದೆಹೋದರು.

ಯಾವುದೋ ಬಡಕಲು ಕಟ್ಟೆಯ ಕೆಸರಿನಲ್ಲಿ ಪಿಎಚ್‌ಡಿ ಹೇಗೋ ಮುಗಿಯಿತು. ಆ ಊರಿನ ಸುತ್ತ ಒಂದು ಕಾಲಕ್ಕೆ ಎಂಥ ಕಾಡಿತ್ತು ಎಂಬುದು ಮಾತ್ರ ಇನ್ನು ಯಾರಿಗೂ ತಿಳಿಯುವುದಿಲ್ಲ. ದೊಡ್ಡಪ್ಪನ ರಾಗಿ ಆ ವರ್ಷ ಎದೆಯೆತ್ತರ ಬಂತು. ಈಗಲೂ ಮದುವೆಮನೆಗಳಲ್ಲಿ ನನ್ನನ್ನು ತೋರಿಸಿ, "ನಮ್ ಉಡ್ಗಿ ಓದಿದ್ದು ಒಲಕ್ಕಾಯ್ತು" ಎಂದು ಬೀಗುತ್ತಾರೆ. ಅವರ ಪ್ರೀತಿಯಲ್ಲಿ ಕಪಟವಿಲ್ಲ, ನನಗೆ ಕಷ್ಟವಾಗಿರುವುದೇ ಅದು.

ಮೊನ್ನೆ ನಾನು ಹತ್ತಿದ ಸರಗೂರಿನ ಬಸ್ಸು ಎಚ್.ಡಿ. ಕೋಟೆ ದಾಟುವಾಗ ಅವರದೇ ಫೋನು.

"ಸರಗೂರ್ ತಾವ ಯಾರೂ ಮುಟ್ದಿರೋ ಕೆರೆ ಅದ್ಯಂತೆ, ನೋಡಕ್ ಓಯ್ತೀಯಂತೆ? ಯಾವತ್ತು ಅಂತ ಯೋಳವ್ವಾ. ಅಲ್ಲಿ ನಮ್ ಬೀಗ್ರವ್ರೆ, ಎಲ್ಲಾ ರೆಡಿ ಮಾಡುಸ್ತೀನಿ."

ಕೊಳವೆಯ ತುಂಡುಗಳು ನನ್ನ ಸೀಟಿನ ಕೆಳಗೇ ಇದ್ದವು.

"ಇಲ್ಲ ದೊಡ್ಡಪ್ಪ, ಆ ಕೆಲಸ ಬುಟ್ಬುಟ್ಟೆ" ಎಂದೆ.

"ಅಯ್ಯೋ, ಅಷ್ಟೆಲ್ಲಾ ಓದ್ಬುಟ್ಟು..." ದೊಡ್ಡಪ್ಪ ನಿಜಕ್ಕೂ ಮರುಗಿದರು. ನಾನು ಕೊಳವೆಗಳನ್ನು ಕಾಲಿನಿಂದ ಇನ್ನಷ್ಟು ಒಳಕ್ಕೆ ತಳ್ಳಿದೆ.