ಶಾರದಮ್ಮನವರ ಲಾನು ಉತ್ತ ಕತೆ

ಸ್ನೇಹಿತರೇ, ಇವತ್ತು ಪಕ್ಕದ ಮನೆಯವರಿಗೆ ಮುಖ ತೋರಿಸಲಾಗದಂಥ ಕೆಲಸ ಮಾಡಿದೆ. ಲಾನಿನ ಬುಡದಲ್ಲಿ ಕಟ್ಟಿಕೊಂಡ ಒಣಹುಲ್ಲನ್ನು ಕೆರೆದು ತೆಗೆಯುವ ಕರೆಂಟ್ ಯಂತ್ರ ಕೊಳ್ಳಲು ಶಾರದಮ್ಮ ನನ್ನ ಸಲಹೆ ಕೇಳಿದ್ದರು. ಅಂಗಡಿಯವನು ಎರಡನ್ನು ಅವರ ಲಾನಿಗೇ ತಂದು ತೋರಿಸಿದ: ಒಂದಕ್ಕೆ ತಂತಿ ಹಲ್ಲು, ಇನ್ನೊಂದಕ್ಕೆ ಉಕ್ಕಿನ ಬ್ಲೇಡು. ನಾನು ಬ್ಲೇಡಿನದನ್ನೇ ಹಿಡಿದೆ.

"ಸಾರ್, ಮೇಲ್ಮೇಲೆ ಕೆರೆದ್ರೆ ಸಾಕು" ಎಂದ.

"ಜರಗನಹಳ್ಳೀಲಿ ಎತ್ತು ಕಟ್ಟಿ ಉತ್ತೋನು ಕಣಯ್ಯಾ ನಾನು, ನಂಗೇ ಹೇಳ್ಕೊಡ್ತೀಯಾ?" ಎಂದು ಬ್ಲೇಡನ್ನು ಪೂರ್ತಿ ಆಳಕ್ಕಿಳಿಸಿ ಓಡಿಸಿದೆ. ತಿರುಗಿ ನೋಡಿದರೆ ಉದ್ದಕ್ಕೂ ಕೆಂಪು ಮಣ್ಣಿನ ಸಾಲು. ಭಾನುವಾರ ಅಲ್ಲೇ ಅವರ ಮಗಳ ನಿಶ್ಚಿತಾರ್ಥ!

ಶಾರದಮ್ಮ ಬೈಯಲಿಲ್ಲ. "ಬಿಡಿ ಅಣ್ಣ, ಜಮಖಾನ ಹಾಸ್ಕೋತೀವಿ" ಎಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅವರಿಗೆ ಹೇಳಲಾಗದ್ದನ್ನು ಇಲ್ಲಿ ಹೇಳಿಬಿಡುತ್ತೇನೆ: ನೇಗಿಲು ಹಿಡಿದವರು ನಮ್ಮಪ್ಪ. ನಾನು ಹೊಲಕ್ಕೆ ಬುತ್ತಿ ಒಯ್ಯುತ್ತಿದ್ದೆ, ಅದನ್ನೂ ದಾರಿಯಲ್ಲೇ ಅರ್ಧ ತಿಂದು ಮುಗಿಸುತ್ತಿದ್ದೆ.