ದೌಲತಬಿಯ ಡೊಂಕು ಮೆಣಸಿನಕಾಯಿ

ದೌಲತಬಿಯ ಹೆಸರು ಸಿದ್ದವ್ವನ ಕಿವಿಗೆ ಮೊದಲು ಬಿದ್ದದ್ದು ಮೆಣಸಿನಕಾಯಿ ತೊಟ್ಟು ಬಿಡಿಸುವಾಗ. ಅಂದು ಬ್ಯಾಡಗಿಯ ಮಾರ್ಕೆಟ್ಟಿನ ತುಂಬ ಕೆಂಪು ರಾಶಿ, ಊರಿಗೆ ಊರೇ ಸೀನುತ್ತಿತ್ತು. ಅಂಗಳದಲ್ಲಿ ಚೀಲ ಹಾಸಿ ಕುಳಿತಿದ್ದ ಅಜ್ಜಿಯ ಎದುರು ಮೊಮ್ಮಗಳು ಸುಧಾರಾಣಿ ಪಾಟಿಚೀಲ ಎಸೆದು ಹೇಳಿದಳು:

“ಅಜ್ಜಿ, ನಾ ಇವತ್ತಿನಿಂದ ದೌಲತಬಿ ಅಕ್ಕೋರ ಮನಿಗೆ ಹೋಗ್ತೀನಿ. ಉಸಿರು ಎಲ್ಲಿ ಬಿಡಬೇಕು ಅಂತ ಕಲಿಸ್ತಾರಂತ.”

“ಅಯ್ಯ ಖೋಡಿ, ಉಸಿರು ಬಿಡಾಕೂ ಟ್ಯೂಷನ್ ಬಂತನ? ನಾ ಎಪ್ಪತ್ತು ವರ್ಷ ಪುಕ್ಕಟೆ ಬಿಟ್ಟೇನಲ್ಲ!”

“ಬರಿಯೂಮುಂದ, ಅಜ್ಜಿ! ನಾ ಬರದದ್ದನ್ನ ಓದಿದ್ರ ಸರ್‌ಗೆ ಉಸಿರು ಕಟ್ಟತೈತಂತ. ಒಂದೂ ಚಿಹ್ನೆ ಹಾಕಿಲ್ಲ ಅಂತ ಬೈದ್ರು.”

ಕೂಸನ್ನು ಬಿಟ್ಟು ಬರುವ ನೆಪದಲ್ಲಿ ಸಿದ್ದವ್ವನೂ ಹೊರಟಳು. ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಎರಡು ಖೋಲಿಯ ಮನೆ. ಪಡಸಾಲೆಯಲ್ಲಿ ಏಳೆಂಟು ಮಕ್ಕಳು, ನಡುವೆ ತಲೆ ತುಂಬ ಸೆರಗು ಹೊದ್ದ ಸಣಕಲು ಹೆಂಗಸು.

ದೌಲತಬಿ ಸಾಲೆಯ ಅಕ್ಕೋರಲ್ಲ. ಹಾವೇರಿಯ ಒಂದು ಸಣ್ಣ ಛಾಪಖಾನೆಯಲ್ಲಿ ಹತ್ತೊಂಬತ್ತು ವರ್ಷ ನಿಂತೇ ಸೀಸದ ಅಚ್ಚುಮೊಳೆ ಜೋಡಿಸಿದವಳು. ಒಂದೊಂದು ಅಕ್ಷರ, ಒಂದೊಂದು ಚಿಹ್ನೆ ಅವಳ ಬೆರಳಿಗೆ ತೂಕ ಸಮೇತ ಗೊತ್ತು. ಕಂಪ್ಯೂಟರ್ ಬಂದು ಮೊಳೆಗಳು ಗುಜರಿಗೆ ಹೋದ ದಿನ ಅವಳು ಕೇಳಿ ಇಸಿದುಕೊಂಡದ್ದು ಒಂದೇ ಒಂದು ಪ್ರಶ್ನೆಯ ಚಿಹ್ನೆ. ನಶ್ಯದ ಡಬ್ಬಿಯಲ್ಲಿಟ್ಟು, ಬಂದವರಿಗೆಲ್ಲ ತೆಗೆದು ತೋರಿಸುತ್ತಿದ್ದಳು. ಅದು ಹೊಚ್ಚ ಹೊಸದಾಗಿಯೇ ಉಳಿದಿತ್ತು. “ನಾವು ಛಾಪಿಸಿದ್ದೆಲ್ಲಾ ಲಗ್ನಪತ್ರಿಕೆರಿ,” ಎಂದು ನಗುತ್ತಿದ್ದಳು. “ಲಗ್ನದಾಗ ಯಾರು ಪ್ರಶ್ನೆ ಕೇಳ್ತಾರ?”

ಅವಳ ಉಕ್ತಲೇಖನದ ರೀತಿಯೇ ಬೇರೆ. ಅಲ್ಪವಿರಾಮ, ಪೂರ್ಣವಿರಾಮ ಎಂದು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಮೊದಲ ದಿನ ಒಂದು ಒಣ ಮೆಣಸಿನಕಾಯಿ ಮುರಿದು ಪಾಟಿಯ ಮೇಲೆ ಬೀಜ ಉದುರಿಸಿದಳು. “ಮಾತು ಮುಗೀತಂದ್ರ ಒಂದು ಬೀಜ ಇಡ್ರಿ. ಮುಗಿದಿಲ್ಲ, ಬರೇ ನಿಂತೈತಿ ಅಂದ್ರ ಬೀಜಕ್ಕ ಒಂದು ಬಾಲಾ. ಕೇಳಾಕತ್ತೀರಿ ಅಂದ್ರ, ನೋಡ್ರಿಲ್ಲೆ, ನಮ್ಮೂರ ಡೊಂಕು ಮೆಣಸಿನಕಾಯಿ, ಅದರ ಕೆಳಗ ಉದುರಿದ ಬೀಜ. ಕಿವಿ ಕೊಡ್ರಿ, ಕೈ ತಾನ ಬರೀತೈತಿ.”

ಎರಡನೇ ಇಯತ್ತೆಗೆ ಸಾಲೆ ಬಿಟ್ಟಿದ್ದ ಸಿದ್ದವ್ವ ದಿನಾ ಬಾಗಿಲ ಬಳಿ ತನ್ನ ತೊಟ್ಟಿನ ಬುಟ್ಟಿ ಇಟ್ಟುಕೊಂಡು ಕೂರತೊಡಗಿದಳು. ದೌಲತಬಿಯ ದನಿ ನಿಂತಲ್ಲಿ ಅವಳ ಕೈಯೂ ನಿಲ್ಲುತ್ತಿತ್ತು, ಎದ್ದಲ್ಲಿ ಏಳುತ್ತಿತ್ತು. ಹಿತ್ತಲಾಚೆ ರಾಣೆಬೆನ್ನೂರ ಕಡೆಗೆ ರೈಲು ಹೋಗುವಾಗ ಎಲ್ಲರೂ ಬಳಪ ಎತ್ತಿ ಕಾಯುತ್ತಿದ್ದರು. ಸದ್ದು ಕರಗಿದ ಮೇಲೂ ಆ ಮೌನ ಬಿಸಿಲಿನಲ್ಲಿ ಕೆಂಪು ದೂಳಿನಂತೆ ತೇಲುತ್ತಿತ್ತು. ತಾನು ಎಚ್ಚರದಲ್ಲಿದ್ದೇನೆಯೋ, ಕನಸಿನಲ್ಲಿದ್ದೇನೆಯೋ ಎಂಬುದು ಸಿದ್ದವ್ವನಿಗೆ ತಿಳಿಯುತ್ತಿರಲಿಲ್ಲ. ರೈಲು ಹೋದ ದಿಕ್ಕಿಗೆ ಮಾತ್ರ ಅವಳು ನೋಡುತ್ತಿರಲಿಲ್ಲ.

ಒಂದು ದಿನ ದೌಲತಬಿ ಅಂದಳು: “ಇವತ್ತು ಮನಿ ಮಾತು ಬರೀರಿ. ‘ಮಳಿ ಇನ್ನ ಬರೂದಿಲ್ಲ.’” ದನಿ ಕಲ್ಲಿನ ಹಾಗೆ ಕೆಳಗಿಳಿಯಿತು. ಮಕ್ಕಳು ಬೀಜ ಇಟ್ಟರು. “ಈಗ ಮತ್ತ ಕೇಳ್ರಿ. ‘ಮಳಿ ಇನ್ನ ಬರೂದಿಲ್ಲ?’” ಅದೇ ಮಾತು. ಕೊನೆಯಲ್ಲಿ ಮಾತ್ರ ದನಿ ಮುಖ ಎತ್ತಿ ಆಕಾಶ ನೋಡಿತು. ಮಕ್ಕಳು ಡೊಂಕು ಮೆಣಸಿನಕಾಯಿ ಬರೆದರು.

ಸಿದ್ದವ್ವನ ಕೈಯೊಳಗಿನ ತೊಟ್ಟು ಹಾಗೇ ಉಳಿಯಿತು.

ಮರುದಿನ ಅವಳು ಟ್ರಂಕಿನ ತಳದಿಂದ ಒಂದು ಕಾರ್ಡು ತಂದಳು. ಇಪ್ಪತ್ತೆರಡು ವರ್ಷದ ಹಿಂದಿನದು. ಆಗ ಗಂಡ ತೀರಿ ಎಂಟು ತಿಂಗಳಾಗಿತ್ತು. ರಾಣೆಬೆನ್ನೂರಿನ ತಂಗಿ ರೇಣುಕವ್ವ ಬಸುರಿ ಮಗಳ ಕುಬಸಕ್ಕೆ ಕರೆದಿದ್ದಳು. ಮುತ್ತೈದೆಯರು ಉಡಿ ತುಂಬುವ ಕಡೆ ತಾನ್ಯಾಕೆ ಅಡ್ಡ ಎಂದು ಸಿದ್ದವ್ವ ಹೋಗಲಿಲ್ಲ. ವಾರದ ಮೇಲೆ ಈ ಕಾರ್ಡು ಬಂತು. ಅಕ್ಷರ ಕೂಡಿಸಿ ಕೂಡಿಸಿ ಓದಿದಳು: “ಅಕ್ಕಾ ನೀ ಇನ್ನ ನಮ್ಮನಿಗೆ ಬರೂದಿಲ್ಲ”. ತಾನು ಅಂಜಿದ್ದನ್ನೇ ತಂಗಿ ಬರೆದಿದ್ದಾಳೆ ಎಂದುಕೊಂಡಳು. ಉತ್ತರ ಕೊಡಲಿಲ್ಲ, ಆ ಊರ ರೈಲು ಹತ್ತಲಿಲ್ಲ.

ದೌಲತಬಿ ಕಾರ್ಡನ್ನು ಬೆಳಕಿಗೆ ಹಿಡಿದಳು.

“ಕೊನಿಗೆ ಏನೂ ಇಲ್ಲಕ್ಕಾ. ಬೀಜಾ ಇಟ್ಟಾಕಿ ನೀನ.”

“ಹಂಗಾರ ಆಕಿ ಏನಂದಾಳ?”

“ಬರದಾಕೀನ ಕೇಳಬೇಕು. ಆದ್ರ ಈ ‘ಅಕ್ಕಾ’ ನೋಡು, ದೀರ್ಘಾ ಎಷ್ಟ ಎಳದಾಳ, ಕಾರ್ಡಿನ ಅಂಚಿಗೇ ಹೋಗೈತಿ. ಬರಬ್ಯಾಡ ಅನ್ನಾಕಿ ಹಿಂಗ ಎಳೀತಾಳೇನು?”

“ಇಷ್ಟ ವರ್ಷ ಆತು. ಈಗ ಯಾವ ಮಾರಿ ಹೊತ್ತು ಹೋಗ್ಲಿ?”

“ಇದ್ದ ಮಾರೀನ ಹೊತ್ತು ಹೋಗು. ಬ್ಯಾರೆ ಎಲ್ಲಿಂದ ತರ್ತಿ?”

ಇಬ್ಬರೂ ನಕ್ಕರು. ಆದರೂ ಸಿದ್ದವ್ವ ಹೋಗಲಿಲ್ಲ. ಸುಗ್ಗಿ ಮುಗಿಯಲಿ ಅಂದಳು, ಮಳೆ ಬೀಳಲಿ ಅಂದಳು. ಅಷ್ಟರಲ್ಲಿ ಸುಧಾರಾಣಿಯ ಬರಹಕ್ಕೆ ಉಸಿರು ಬಂತು. ದೌಲತಬಿಯ ಗಂಟಲಿಗೆ ಮಾತ್ರ ಏನೋ ಬಂದು ಕೂತಿತು. ಮೊದಲು ಕೆಮ್ಮು, ಮೆಣಸಿನಕಾಯಿ ಘಾಟು ಅಂದರು. ಆಮೇಲೆ ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ತಿರುಗಿ ಬಂದವಳ ಬಳಿ ಎಲ್ಲ ಇತ್ತು, ದನಿಯೊಂದಿರಲಿಲ್ಲ.

ಮರುದಿನ ಬೆಳಿಗ್ಗೆ ದೌಲತಬಿಯ ತಂಗಿಯ ಮಗಳು ಮಾಸುಮಬಿ ಅವಳನ್ನು ಆರೈಕೆಗೆಂದು ಹಾವೇರಿಗೆ ಕರೆದೊಯ್ಯುವವಳಿದ್ದಳು. ಹಿಂದಿನ ಸಂಜೆ ಸಿದ್ದವ್ವ ನೋಡಲು ಹೋದಾಗ ಪಡಸಾಲೆ ಖಾಲಿ. ದೌಲತಬಿ ಹಾಸಿಗೆಯ ಮೇಲೆ ಎದ್ದು ಕುಳಿತು ಪಾಟಿ ಎಳೆದುಕೊಂಡು ನಿಧಾನವಾಗಿ ಬರೆದಳು: “ಅಕ್ಕಾ, ನೀ ಇನ್ನ ರಾಣೆಬೆನ್ನೂರಿಗೆ ಹೋಗೂದಿಲ್ಲ”. ‘ಅಕ್ಕಾ’ದ ಮುಂದೆ ಬಾಲದ ಬೀಜ ಇತ್ತು. ಕೊನೆಗೆ ಏನೂ ಇಡಲಿಲ್ಲ. ಬಳಪವನ್ನು ಸಿದ್ದವ್ವನ ಕೈಗೆ ಕೊಟ್ಟಳು.

ಅರವತ್ತು ವರ್ಷದಿಂದ ಬಳಪ ಹಿಡಿಯದ ಕೈ. ಹಿತ್ತಲಾಚೆ ರೈಲು ಬಂತು, ಹೋಯಿತು. ಈ ಸಲ ಸಿದ್ದವ್ವ ಅದು ಹೋದ ದಿಕ್ಕಿಗೇ ನೋಡುತ್ತ ಕುಳಿತಳು. ಸದ್ದು ಪೂರಾ ಕರಗಿದ ಮೇಲೆ ಬಗ್ಗಿ ಒಂದು ಡೊಂಕು ಮೆಣಸಿನಕಾಯಿ ಬರೆದು, ಅದರ ಕೆಳಗೆ ಬೀಜ ಇಟ್ಟಳು. ನಶ್ಯದ ಡಬ್ಬಿಯ ಮೊಳೆ ನೋಡಿ ನೋಡಿ ಕಲಿತದ್ದಲ್ಲವೇ, ಅಚ್ಚಿನ ಮೊಳೆಯಲ್ಲಿರುವ ಹಾಗೆಯೇ ಚಿಹ್ನೆ ತಿರುವುಮುರುವಾಗಿ ಗೋಡೆಯ ಕಡೆ ಮುಖ ಮಾಡಿತ್ತು. ದೌಲತಬಿಯ ಭುಜಗಳು ಸದ್ದಿಲ್ಲದೆ ನಗುವಿನಿಂದ ಕುಲುಕಿದವು.

“ನಗಬ್ಯಾಡ. ನಾಳೆ ಹೋಗ್ತೀನಿ,” ಅಂದಳು ಸಿದ್ದವ್ವ.

ದೌಲತಬಿ ದಿಂಬಿನ ಕೆಳಗಿನಿಂದ ನಶ್ಯದ ಡಬ್ಬಿ ತೆಗೆದು ಅವಳ ಉಡಿಗೆ ಹಾಕಿದಳು. ಪಾಟಿ ಒರೆಸಿ, ಉಸಿರು ಎಲ್ಲಿ ಬಿಡಬೇಕೋ ಅಲ್ಲಲ್ಲೇ ಬಿಟ್ಟು ಬರೆದಳು. ಅವಳು ಕೇಳಿಕೊಂಡ ಕೊನೆಯ ಮಾತು ಅದು:

“ಇದನ್ನ ರೇಣುಕವ್ವಗ ಕೊಡು, ಅಕ್ಕಾ. ಮುಂದಿನ ಕಾರ್ಡಿಗೆ ಬೇಕಾಗ್ತೈತಿ.”