ಒಂಬತ್ತು ದಿನದ ಕೆಂಪು ಸಹಿ

ಬೀಜ ಸಂಶೋಧನಾ ವಿಭಾಗದಲ್ಲಿ ಅವರನ್ನು ಹೆಸರು ಹಿಡಿದು ಕರೆದವರು ಕಡಿಮೆ. ಇಪ್ಪತ್ತೆರಡು ವರ್ಷಗಳಿಂದ ವಿದ್ಯಾರ್ಥಿಗಳ ಪಾಲಿಗೆ ಅವರು ‘ಕೆಂಪು ಶಾಯಿ ಮೇಡಂ’. ಶುಕ್ರವಾರ ಮಧ್ಯಾಹ್ನವಾಯಿತೆಂದರೆ ಸಂಶೋಧನಾ ವಿದ್ಯಾರ್ಥಿಗಳೆಲ್ಲ ಪ್ರಯೋಗದ ಪುಸ್ತಕ ಹಿಡಿದು ಅವರ ಬಾಗಿಲಲ್ಲಿ ನಿಲ್ಲಬೇಕು. ಮೇಡಂ ಒಂದೊಂದು ಸಾಲನ್ನೂ ಓದಿ ಪುಟದಡಿಯಲ್ಲಿ ಕೆಂಪು ಸಹಿ ಹಾಕುವರು. ಅಂಕಿಯೊಂದು ತಿದ್ದಿದಂತೆ ಕಂಡರೆ, “ಇದನ್ನ ಕಣ್ಣಲ್ಲಿ ನೋಡಿ ಬರೆದ್ಯೋ, ಕನಸಲ್ಲಿ ನೋಡಿ ಬರೆದ್ಯೋ?” ಎಂದು ಕೇಳದೆ ಬಿಡುತ್ತಿರಲಿಲ್ಲ.

ಅಂಥವರೂ ಒಂದು ಚಳಿಗಾಲ ಎಡವಿದರು. ತಾಯಿ ಆಸ್ಪತ್ರೆಯಲ್ಲಿ ಹಾಸಿಗೆ ಹಿಡಿದಿದ್ದರು. ಒಂದು ಶುಕ್ರವಾರ ಆಸ್ಪತ್ರೆಯ ಕಡೆ ಹೋಗುವ ಬಸ್ಸಿಗೆ ಹೊತ್ತಾಗಿತ್ತು. ಪ್ರಬಂಧ ಒಪ್ಪಿಸಲು ಆರೇ ತಿಂಗಳು ಉಳಿದಿದ್ದ ಶಿಷ್ಯೆಯೊಬ್ಬಳ ಪುಸ್ತಕದಲ್ಲಿ, ಇನ್ನೂ ಖಾಲಿಯಿದ್ದ ಪುಟಗಳಿಗೆ ಮೇಡಂ ಮುಂಗಡವಾಗಿಯೇ ಸಹಿ ಎಳೆದುಬಿಟ್ಟರು.

“ನೀನು ಬರೀತಾ ಹೋಗಮ್ಮ. ನಿನ್ನ ಮೇಲೆ ನಂಬಿಕೆ ಇದೆ.”

ತಾಯಿ ಉಳಿಯಲಿಲ್ಲ. ಮೇಡಂ ಕೆಲಸಕ್ಕೆ ಮರಳಿದ ಮೂರನೆಯ ದಿನ ವಿಭಾಗದ ಮುಖ್ಯಸ್ಥರು ಹೇಳಿಕಳಿಸಿದರು. ಅವರ ಮೇಜಿನ ಮೇಲೆ ಆ ಪುಸ್ತಕವಿತ್ತು, ಪಕ್ಕದಲ್ಲಿ ರಿಪೇರಿ ಅಂಗಡಿಯ ಚೀಟಿ. ಮೊಳಕೆ ಕೋಣೆಯ ಉಷ್ಣಮಾಪಕ ಒಂಬತ್ತು ದಿನ ರಿಪೇರಿಗೆ ಹೋಗಿತ್ತು. ಪುಸ್ತಕದಲ್ಲಿ ಮಾತ್ರ ಆ ಒಂಬತ್ತು ದಿನವೂ ಉಷ್ಣತೆ ದಾಖಲಾಗಿತ್ತು, ಕೆಳಗೆ ಕೆಂಪು ಸಹಿ.

“ಸಹಿ ನಿಮ್ದಲ್ಲ ಅಂದ್ಬಿಡಿ ಮೇಡಂ,” ಎಂದರು ಮುಖ್ಯಸ್ಥರು. “ನೀವು ಆಸ್ಪತ್ರೇಲಿದ್ದಿದ್ದು ಎಲ್ಲರಿಗೂ ಗೊತ್ತು. ಹುಡುಗಿ ಮನೆಗೆ ಹೋಗ್ತಾಳೆ, ಮುಗೀತು.”

“ನಂದೇ ಅಂದ್ರೆ?”

“ಇನ್ನು ಮುಂದೆ ಒಬ್ಬ ವಿದ್ಯಾರ್ಥಿನೂ ನಿಮ್ಮ ಕೈಗೆ ಕೊಡೋಕಾಗಲ್ಲ.”

ಶಿಷ್ಯೆ ಹೊರಗೆ ಗೋಡೆಗೆ ಒರಗಿ ನಿಂತಿದ್ದಳು.

“ಯಾಕಮ್ಮ ಹೀಗೆ ಮಾಡ್ದೆ?”

“ಒಂಬತ್ತು ದಿನ ಖಾಲಿ ಬಿಟ್ರೆ ಪ್ರಯೋಗ ಮೊದಲಿಂದ ಮಾಡ್ಬೇಕಿತ್ತು ಮೇಡಂ. ಕೇಳೋಣ ಅಂತ ಎರಡು ಸಲ ಆಸ್ಪತ್ರೆಗೆ ಬಂದೆ. ನೀವು ಅಮ್ಮನ ಕೈ ಹಿಡ್ಕೊಂಡು ಕೂತಿದ್ರಿ. ಹೇಳೋಕೆ ಬಾಯಿ ಬರಲಿಲ್ಲ.”

ವಿಚಾರಣೆಯ ದಿನ ಮೇಡಂ ಆಡಿದ್ದು ಎರಡೇ ಮಾತು. “ಸಹಿ ನನ್ನದು. ಪುಟ ಖಾಲಿಯಿದ್ದಾಗಲೇ ಹಾಕಿದ್ದು.”

ಹುಡುಗಿಯ ಮೂರು ವರ್ಷದ ಕೆಲಸ ರದ್ದಾಯಿತು. ಬೇರೆ ಮಾರ್ಗದರ್ಶಕರ ಕೈಕೆಳಗೆ ಮೊದಲಿನಿಂದ ಶುರು ಮಾಡಲು ಅನುಮತಿ ಸಿಕ್ಕಿತು. ಮೇಡಂಗೆ ಬೀಜದ ಉಗ್ರಾಣದಲ್ಲಿ ಸೀಸೆಗಳಿಗೆ ಚೀಟಿ ಅಂಟಿಸುವ ಕೆಲಸ ಬಂತು. ಶುಕ್ರವಾರದ ಸಾಲು ಬೇರೆ ಬಾಗಿಲಿಗೆ ಹೋಯಿತು.

ಮೊದಲ ಶುಕ್ರವಾರ ಹುಡುಗಿ ಹೊಸ ಪುಸ್ತಕ ಹಿಡಿದು ಉಗ್ರಾಣಕ್ಕೇ ಬಂದಳು. ಮೇಡಂ ಕೈ ತಾನಾಗಿ ಪೆನ್ನಿನತ್ತ ಹೋಗಿ, ಅರ್ಧದಲ್ಲೇ ನಿಂತಿತು. ಅವರು ಕೊನೆಯ ಸಾಲಿನವರೆಗೂ ಓದಿದರು.

“ಹೊಸಬರ ಹತ್ರ ಸಹಿ ಹಾಕಿಸ್ಕೋ. ಓದೋವರೆಗೂ ಅಲ್ಲೇ ನಿಂತಿರು. ಓದದೆ ಹಾಕೋಕೆ ಬಂದ್ರೆ, ಬೇಡ ಸಾರ್ ಅನ್ನು.”

“ಆವತ್ತು ನಿಮಗೇ ಹಾಗನ್ಬೇಕಿತ್ತು ಮೇಡಂ.”

ಮೇಡಂ ಪುಸ್ತಕ ಮುಚ್ಚಿ ಅವಳ ಕೈಗಿಟ್ಟು, ಅಂಟಿನ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡರು.